ಶಾಲೆ ಬಿಟ್ಟವರು ಕಾಲೇಜು ಕಟ್ಟಿದರು



ಅವಿನಾಶಿ ರಸ್ತೆಯ ಹೊಸ ಮೇಲ್ಸೇತುವೆಗೆ ಯಾರ ಹೆಸರಿದೆ ಎಂದು ಯುವಜನರ ಸಭೆಯಲ್ಲಿ ಕೇಳಿದೆವು. ಜಿ. ಡಿ. ನಾಯ್ಡು ಎಂದು ಎಲ್ಲರೂ ಹೇಳಿದರು. ಅವರು ಯಾರೆಂದು ಹೇಳಿದವರು ಇಬ್ಬರೇ. ಆ ಸಭೆಗೆ ಒಬ್ಬ ಹುಡುಗ ಬಂದಿರಲಿಲ್ಲ. ಹನ್ನೆರಡನೇ ತರಗತಿಯಲ್ಲಿ ಫೇಲಾದ ಮೇಲೆ ಅವನು ಪೂಜೆಗೂ ಬರುವುದನ್ನು ಬಿಟ್ಟಿದ್ದ. ಅವನನ್ನು ನೆನೆದೇ ಇದನ್ನು ಬರೆಯುತ್ತಿದ್ದೇವೆ.

ನಾಯ್ಡು ಹುಟ್ಟಿದ್ದು 1893ರ ಮಾರ್ಚ್ 23ರಂದು, ಕೊಯಮತ್ತೂರು ಬಳಿಯ ಕಲಂಗಲ್ ಹಳ್ಳಿಯಲ್ಲಿ. ಓದು ಒಗ್ಗಲಿಲ್ಲ, ಚಿಕ್ಕಂದಿನಲ್ಲೇ ಶಾಲೆ ಬಿಟ್ಟರು. ಒಮ್ಮೆ ಬ್ರಿಟಿಷ್ ಅಧಿಕಾರಿಯೊಬ್ಬರ ಮೋಟಾರ್ ಸೈಕಲ್ ಕಂಡರು. ಅಂದಿನಿಂದ ಅದರದೇ ಧ್ಯಾನ. ಪಟ್ಟಣದ ಹೋಟೆಲಿನಲ್ಲಿ ಸರ್ವರ್ ಆಗಿ ದುಡಿದು, ಕಾಸು ಕೂಡಿಟ್ಟು, ಆ ಗಾಡಿಯನ್ನೇ ಕೊಂಡರು. ಕೊಂಡು ಮೆರೆಯಲಿಲ್ಲ, ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ ಕಲಿತರು.

ತಿರುಪ್ಪೂರಿನಲ್ಲಿ ಹತ್ತಿ ವ್ಯಾಪಾರ ಮಾಡಿ ಚೆನ್ನಾಗಿ ಗಳಿಸಿದರು. ಆ ದುಡ್ಡು ಹಿಡಿದು ಬೊಂಬಾಯಿಗೆ ಹೋಗಿ ಕಳೆದುಕೊಂಡರು. (ಮಕ್ಕಳಿಗೆ ಕಥೆ ಹೇಳುವಾಗ ಇದನ್ನು ನಾವು ಬಿಟ್ಟುಬಿಡುತ್ತೇವೆ.) ಬರಿಗೈಯಲ್ಲಿ ಮರಳಿದವರಿಗೆ ಉದ್ಯಮಿ ರಾಬರ್ಟ್ ಸ್ಟೇನ್ಸ್ ನೆರವಾದರು. 1920ರಲ್ಲಿ ಒಂದೇ ಒಂದು ಬಸ್ಸು ಪೊಳ್ಳಾಚಿಯಿಂದ ಪಳನಿಗೆ ಓಡತೊಡಗಿತು. 1933ರ ಹೊತ್ತಿಗೆ ಅವರ ಸಾರಿಗೆ ಸಂಸ್ಥೆಯಲ್ಲಿ 280 ಬಸ್ಸುಗಳಿದ್ದವು.

ಆ ವೇಳೆಗೆ ಪೈಕಾರಾದ ಜಲವಿದ್ಯುತ್ತು ಬಯಲಿಗೆ ಇಳಿದಿತ್ತು. ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದ ರೈತರಿಗೆ ಕರೆಂಟು ಬಂದರೂ ಪಂಪಿಗೆ ಬೇಕಾದ ಮೋಟಾರು ಹೊರದೇಶದ್ದು. 1937ರಲ್ಲಿ ಡಿ. ಬಾಲಸುಂದರಂ ಜೊತೆ ಸೇರಿ ಪೀಳಮೇಡಿನಲ್ಲೇ ಮೋಟಾರು ತಯಾರಿಸಿದರು. ಭಾರತದ ಮೊದಲ ವಿದ್ಯುತ್ ಮೋಟಾರೆಂದು ಅದಕ್ಕೆ ಹೆಸರು. ಇಂದು ಈ ಊರಿನ ಸಣ್ಣಪುಟ್ಟ ಪಂಪ್ ವರ್ಕ್‌ಶಾಪುಗಳಲ್ಲಿ ಎಷ್ಟು ಮನೆಗಳ ಒಲೆ ಉರಿಯುತ್ತಿದೆಯೋ!

ನಮಗೆ ಹೆಚ್ಚು ಹಿಡಿಸಿದ್ದು ಮುಂದಿನ ಸಂಗತಿ. ಕೈಕೆಲಸ ಕಲಿಸಲೆಂದು 1945ರಲ್ಲಿ ಅವರು ಆರ್ಥರ್ ಹೋಪ್ ಪಾಲಿಟೆಕ್ನಿಕ್ಕನ್ನೂ ಇಂಜಿನಿಯರಿಂಗ್ ಕಾಲೇಜನ್ನೂ ಆರಂಭಿಸಲು ಕಾರಣರಾದರು. ಇಂದಿನ ಸರ್ಕಾರಿ ತಾಂತ್ರಿಕ ಕಾಲೇಜು ಅಲ್ಲಿಂದ ಬೆಳೆದದ್ದು. ಶಾಲೆ ಬಿಟ್ಟವರೇ ಪ್ರಿನ್ಸಿಪಾಲರಾದರು! ನಾಲ್ಕು ವರ್ಷದ ಓದು ಬಡ ಹುಡುಗರ ಕಾಲಹರಣ, ಎರಡೇ ವರ್ಷ ಸಾಕು ಎಂಬುದು ಅವರ ವಾದ. ಸರ್ಕಾರ ಒಪ್ಪಲಿಲ್ಲ. ಹುದ್ದೆಯನ್ನೇ ಬಿಟ್ಟರು. ವಾದ ಪೂರ್ತಿ ಸರಿಯೆಂದು ನಾವು ಹೇಳಲಾರೆವು. ಆದರೂ ಬಿಎಸ್‌ಸಿಗೆ ಮೂರು ವರ್ಷ ಕೊಟ್ಟ ನಮಗೆ ಅದು ಚುಚ್ಚುತ್ತದೆ. ಅಷ್ಟು ದಿನದಲ್ಲಿ ಒಂದು ಮೋಟಾರನ್ನೂ ನಾವು ಬಿಚ್ಚಿ ನೋಡಲಿಲ್ಲ.

1974ರ ಜನವರಿ 4ರಂದು ನಾಯ್ಡು ತೀರಿಕೊಂಡರು.

ಕಳೆದ ವಾರ ಆ ಹುಡುಗನ ಮನೆಗೆ ಹೋಗಿ ಈ ಕಥೆ ಹೇಳಿದೆವು. ಬೊಂಬಾಯಿಯಲ್ಲಿ ಎಷ್ಟು ದುಡ್ಡು ಹೋಯಿತು ಎಂದು ಕೇಳಿದ. ಈಗ ಒಂದು ವರ್ಕ್‌ಶಾಪಿನಲ್ಲಿ ಮೋಟಾರ್ ವೈಂಡಿಂಗ್ ಕಲಿಯಲು ಹೋಗುತ್ತಿದ್ದಾನೆ. ಉಳಿದ ಪರೀಕ್ಷೆಗೂ ಫೀಸು ಕಟ್ಟಿದ್ದಾನೆ.