ಫಿರೋಜ್ ಷಾ ಬಹಮನಿ ಮತ್ತು ಭೀಮಾ ತೀರದ ಅರಮನೆ

ಅಫಜಲಪುರ ತಾಲ್ಲೂಕನ್ನು ಹಾದು ಬರುವ ಭೀಮಾ ನದಿಯು ಜೇವರ್ಗಿಯ ಗಡಿಯಲ್ಲಿ ತಿರುವು ಪಡೆಯುವಲ್ಲಿ, ಅದರ ಪೂರ್ವ ದಂಡೆಯ ಮೇಲೆ ಫಿರೋಜಾಬಾದ್ ಎಂಬ ಹಾಳು ನಗರವಿರುತ್ತದೆ. ಕಲಬುರಗಿಯಿಂದ ಜೇವರ್ಗಿ ಮಾರ್ಗದಲ್ಲಿ ಸುಮಾರು 28 ಕಿ.ಮೀ. ದೂರದಲ್ಲಿರುವ ಈ ಸ್ಥಳದ ಮುಂದೆ, ಕಚೇರಿ ಕೆಲಸಗಳಿಗಾಗಿ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುವ ನಾಗರಿಕರು ಪದೇ ಪದೇ ಹಾದುಹೋಗುತ್ತಿದ್ದರೂ, ಒಳಗೆ ಹೋಗಿ ನೋಡಿದವರು ವಿರಳ. ಈ ನಗರವನ್ನು ಕಟ್ಟಿಸಿದ ಬಹಮನಿ ವಂಶದ ಎಂಟನೆಯ ಸುಲ್ತಾನ ತಾಜುದ್ದೀನ್ ಫಿರೋಜ್ ಷಾನ ಜೀವನ ವೃತ್ತಾಂತವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲ್ಲಾವುದ್ದೀನ್ ಹಸನನಿಗೆ ಫಿರೋಜನು ಮೊಮ್ಮಗ. ಎರಡನೆಯ ಮುಹಮ್ಮದ್ ಷಾ ಇವನನ್ನೂ ಇವನ ತಮ್ಮ ಅಹ್ಮದನನ್ನೂ ತನ್ನ ಆಶ್ರಯದಲ್ಲಿ ಬೆಳೆಸಿ, ಷಿರಾಜಿನಿಂದ ಬಂದಿದ್ದ ವಿದ್ವಾಂಸ ಮೀರ್ ಫಜ್ಲುಲ್ಲಾ ಇಂಜೂವಿನ ಬಳಿ ವಿದ್ಯಾಭ್ಯಾಸ ಮಾಡಿಸಿದನು. ಅಣ್ಣತಮ್ಮಂದಿರಿಬ್ಬರೂ ಒಂದೇ ಗುರುವಿನ ಶಿಷ್ಯರು, ಒಂದೇ ಮನೆಯ ಅಳಿಯಂದಿರು. 1397ರಲ್ಲಿ ಮುಹಮ್ಮದನು ತೀರಿಕೊಂಡ ಬಳಿಕ ತುಘಲ್‌ಚಿನ್ ಎಂಬ ಗುಲಾಮ ಸರದಾರನು ಹೊಸ ಸುಲ್ತಾನನ ಕಣ್ಣು ಕೀಳಿಸಿ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಆಗ ಸಹೋದರರು ಸಗರಕ್ಕೆ ಓಡಿಹೋಗಿ, ಅಲ್ಲಿನ ಅಧಿಕಾರಿಯ ನೆರವು ಪಡೆದು ಮರಳಿದರು. ಅದೇ ವರ್ಷದ ಕೊನೆಯಲ್ಲಿ ಫಿರೋಜನು ಕಲಬುರಗಿಯ ಗದ್ದುಗೆಯೇರಿದನು.

ಪಟ್ಟಕ್ಕೆ ಬಂದ ಎರಡು ಮೂರು ವರ್ಷಗಳಲ್ಲಿಯೇ, ಅಂದರೆ 1400ರ ಸುಮಾರಿಗೆ, ಭೀಮಾ ತೀರದಲ್ಲಿ ತನ್ನ ಹೆಸರಿನ ನಗರಕ್ಕೆ ಅಸ್ತಿಭಾರ ಹಾಕಿಸಿದನು. ಮೂರು ಕಡೆ ಕಲ್ಲಿನ ಕೋಟೆಗೋಡೆ, ಪಶ್ಚಿಮಕ್ಕೆ ನದಿ. ನಡುವೆ ವಿಶಾಲವಾದ ಜಾಮಿ ಮಸೀದಿ. ಮಸೀದಿಯ ಹಿಂಬದಿಯಲ್ಲಿ, ನದಿಯ ಕಡೆಗೆ, ಪ್ರತ್ಯೇಕ ಗೋಡೆಯೊಳಗೆ ಅರಮನೆ. ಸಾಮಾನ್ಯ ಪ್ರಜೆಗೆ ಮಸೀದಿಯವರೆಗೆ ಪ್ರವೇಶ. ಅದರಾಚೆಗಿನ ಅಂತಃಪುರದ ಅಂಗಳಗಳು ಸುಲ್ತಾನನಿಗೂ ಅವನ ಮನೆವಾರ್ತೆಗೂ ಮಾತ್ರ ಮೀಸಲು. ಇಂದು ಆ ಕಟ್ಟುಪಾಡನ್ನು ಕಾಯುವವರಿಲ್ಲ. ಕಮಾನಿನ ಬಾಗಿಲಿನಿಂದ ಒಳಹೊಕ್ಕರೆ ಮುರಿದ ಚಾವಣಿಯ ಕೋಣೆಗಳು, ಸಣ್ಣ ಅಂಗಳಗಳು ಕಾಣುತ್ತವೆ. ನಗರದಲ್ಲಿರುವ ಸ್ನಾನಗೃಹಗಳು ದಖ್ಖನ್ನಿನ ಅತ್ಯಂತ ಹಳೆಯ ಹಮಾಮುಗಳ ಸಾಲಿಗೆ ಸೇರುತ್ತವೆ.

ಈ ಕೋಣೆಗಳಲ್ಲಿನ ಜೀವನದ ಬಗ್ಗೆ ನಮಗೆ ದೊರೆಯುವ ವಿವರಗಳು ಹೆಚ್ಚಾಗಿ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾನವು. ಆತನು ಸುಮಾರು ಇನ್ನೂರು ವರ್ಷಗಳ ನಂತರ ಬರೆದವನಾದುದರಿಂದ ಆತ ಕೊಡುವ ರಾಣಿಯರ ಸಂಖ್ಯೆಯನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಆದರೆ ಒಂದು ವಿವರ ಗಮನಾರ್ಹವಾಗಿದೆ. ನಾನಾ ದೇಶಗಳಿಂದ ಬಂದ ಸ್ತ್ರೀಯರಿಗೆ ಪ್ರತ್ಯೇಕ ವಸತಿಗಳಿದ್ದವು. ಪ್ರತಿಯೊಬ್ಬಳಿಗೂ ಅವಳದೇ ಭಾಷೆಯನ್ನಾಡುವ ಕೆಲವೇ ದಾಸಿಯರನ್ನು ನೇಮಿಸಲಾಗುತ್ತಿತ್ತು. ಸುಲ್ತಾನನು ಅವರವರ ಭಾಷೆಯಲ್ಲಿಯೇ ಅವರೊಡನೆ ಮಾತನಾಡಬಲ್ಲವನಾಗಿದ್ದನು. ವಾರದಲ್ಲಿ ಮೂರು ದಿನ ಗಣಿತ, ರೇಖಾಗಣಿತ, ತರ್ಕಶಾಸ್ತ್ರಗಳನ್ನು ತಾನೇ ಪಾಠ ಹೇಳುತ್ತಿದ್ದನಂತೆ. ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗುಗಳನ್ನು ಕಳುಹಿಸಿ ವಸ್ತುಗಳೊಡನೆ ಪಂಡಿತರನ್ನೂ ಕರೆಸಿಕೊಂಡನು. ದೌಲತಾಬಾದಿನ ಬಳಿ 1407ರಲ್ಲಿ ಆರಂಭಿಸಿದ ಖಗೋಳ ವೀಕ್ಷಣಾಲಯವು ಅದರ ಮುಖ್ಯ ವಿದ್ವಾಂಸನ ಮರಣದಿಂದ ಅಪೂರ್ಣವಾಗಿಯೇ ಉಳಿಯಿತು. ಆಡಳಿತದಲ್ಲಿ ಬ್ರಾಹ್ಮಣರಿಗೂ ಉನ್ನತ ಹುದ್ದೆಗಳನ್ನು ನೀಡಿದನು.

ವಿಜಯನಗರದೊಡನೆ ರಾಯಚೂರು ದೋಆಬಿಗಾಗಿ ಆತ ಹಲವು ಬಾರಿ ಯುದ್ಧ ಮಾಡಿದನು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳು ಕಾರಣಳೆಂದು ಕಥೆಯಿದೆ. ಒಂದನೆಯ ದೇವರಾಯನು ಆಕೆಯನ್ನು ಬಯಸಿದನು, ಆಕೆ ಒಪ್ಪಲಿಲ್ಲ. ವಿಜಯನಗರದ ದಂಡು ಮುದಗಲ್ಲಿಗೆ ಬಂದುದನ್ನು ಕಾರಣ ಮಾಡಿಕೊಂಡು ಫಿರೋಜನು ದಂಡೆತ್ತಿ ಹೋದನು. ಸಂಧಿಯ ಪ್ರಕಾರ ದೇವರಾಯನ ಮಗಳು ಫಿರೋಜನ ಅರಮನೆಗೆ ಬಂದಳು, ಬಂಕಾಪುರ ಬಳುವಳಿಯಾಯಿತು. ಅಕ್ಕಸಾಲಿಗನ ಮಗಳನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದನು. ಗೆಲುವು ದೊರೆತಾಗ ಅಲ್ಲಿಗೆ ಲೆಕ್ಕ ಮುಗಿಸಿದ್ದರೆ ಒಳಿತಾಗುತ್ತಿತ್ತು. ಮುಂದೆ ಪಾನಗಲ್ಲು ಕೋಟೆಗೆ ಹಾಕಿದ ದೀರ್ಘ ಮುತ್ತಿಗೆಯಲ್ಲಿ ದಂಡಿಗೆ ರೋಗ ತಗಲಿತು. 1420ರ ವೇಳೆಗೆ ಅವನ ಸೇನೆ ಸೋತು ಚದುರಿತು. ಆ ಸೋಲಿನಿಂದ ಬೊಕ್ಕಸವಾಗಲಿ ಸುಲ್ತಾನನ ಆರೋಗ್ಯವಾಗಲಿ ಚೇತರಿಸಿಕೊಳ್ಳಲಿಲ್ಲ.

ಇದಕ್ಕೂ ಮೊದಲೇ ಕಲಬುರಗಿಗೆ ಬಂದು ನೆಲೆಸಿದ್ದ ಖ್ವಾಜಾ ಬಂದೇ ನವಾಜ್ ಗೇಸೂದರಾಜರೊಡನೆ ಅವನ ಸಂಬಂಧ ಕೆಟ್ಟಿತ್ತು. ಆರಂಭದಲ್ಲಿ ಅವರನ್ನು ಗೌರವದಿಂದ ಬರಮಾಡಿಕೊಂಡವನು ಫಿರೋಜನೇ. ಮಗ ಹಸನನನ್ನು ಉತ್ತರಾಧಿಕಾರಿಯೆಂದು ಆಶೀರ್ವದಿಸಬೇಕೆಂಬ ಕೋರಿಕೆಗೆ, ಪಟ್ಟವು ಅಹ್ಮದನಿಗೆ ಸಲ್ಲುತ್ತದೆಂದು ಅವರು ತಿಳಿಸಿದರು. ಕೋಟೆಯ ಸಮೀಪ ಜನಜಂಗುಳಿ ಹೆಚ್ಚಿದೆಯೆಂಬ ಕಾರಣ ನೀಡಿ ಅವರನ್ನು ಅಲ್ಲಿಂದ ತೆರಳುವಂತೆ ಸುಲ್ತಾನನು ಹೇಳಿಕಳುಹಿಸಿದನು. ಅವರು ಸ್ಥಳ ಬದಲಿಸಿ ನೆಲೆಸಿದೆಡೆಯಲ್ಲಿಯೇ ಇಂದಿನ ದರ್ಗಾ ಇದೆ.

1422ರಲ್ಲಿ, ಹಾಸಿಗೆ ಹಿಡಿದಿದ್ದ ಸುಲ್ತಾನನಿಗೆ ತಮ್ಮನ ಕಣ್ಣು ಕೀಳಿಸುವಂತೆ ಆಪ್ತ ಗುಲಾಮರು ಸಲಹೆ ಕೊಟ್ಟರು. ಸುದ್ದಿ ತಿಳಿದ ಅಹ್ಮದನು ರಾತ್ರೋರಾತ್ರಿ ಪಾರಾದನು. ಬಸ್ರಾದ ವರ್ತಕ ಖಲಫ್ ಹಸನನು ಧಾನ್ಯ ಸಾಗಿಸುವವರ ಎತ್ತುಗಳ ಮೇಲೆ ಬಾವುಟಗಳನ್ನು ಹೊರಿಸಿ, ದೂರದಿಂದ ದೊಡ್ಡ ಸೈನ್ಯ ಬರುತ್ತಿರುವಂತೆ ತೋರಿಸಿ ಅಹ್ಮದನಿಗೆ ಗೆಲುವು ದೊರಕಿಸಿಕೊಟ್ಟನು. ಫಿರೋಜನು ಕೋಟೆಯ ಬಾಗಿಲು ತೆರೆಸಿ, ತಮ್ಮನನ್ನು ಬಳಿಗೆ ಕರೆದು, ಪಟ್ಟವನ್ನು ಒಪ್ಪಿಸಿ, ಮಗನನ್ನು ಕಾಪಾಡುವಂತೆ ಬೇಡಿಕೊಂಡನು. ಕೆಲವೇ ದಿನಗಳಲ್ಲಿ ತೀರಿಕೊಂಡನು. ಇಪ್ಪತ್ತೈದು ವರ್ಷಗಳ ಹಿಂದೆ ಒಟ್ಟಿಗೆ ಸಗರಕ್ಕೆ ಓಡಿಹೋದ ಸಹೋದರರು ಇವರೇ ಎಂಬುದನ್ನು ಓದುಗರು ಗಮನಿಸಬಹುದು.

ಅಹ್ಮದನು ಹಸನ್ ಖಾನನನ್ನು ಕೊಲ್ಲಿಸಲಿಲ್ಲ. ಫಿರೋಜಾಬಾದಿನ ಅರಮನೆಯನ್ನು ಅವನ ವಾಸಕ್ಕೆ ಬಿಟ್ಟುಕೊಟ್ಟು, ಜಹಗೀರು ನೀಡಿ, ಸುತ್ತಲಿನ ಕೆಲವು ಹರದಾರಿಗಳೊಳಗೆ ಬೇಟೆಯಾಡಿಕೊಂಡಿರಲು ಅನುಮತಿಸಿದನೆಂದು ಫೆರಿಷ್ತಾ ತಿಳಿಸುತ್ತಾನೆ. ಅಪ್ಪ ಕಟ್ಟಿಸಿದ ಕೋಣೆಗಳು ಮಗನಿಗೆ ಎಲ್ಲೆಯುಳ್ಳ ವಾಸಸ್ಥಾನವಾದವು. ಅಹ್ಮದನು ರಾಜಧಾನಿಯನ್ನು ಬೀದರಿಗೆ ವರ್ಗಾಯಿಸಿದ ಮೇಲೆ ಭೀಮಾ ತೀರದ ನಗರವು ಕ್ರಮೇಣ ಬರಿದಾಯಿತು.

ಫಿರೋಜನ ಸಮಾಧಿಯು ಕಲಬುರಗಿಯ ಹಫ್ತ್ ಗುಂಬಜ್ ಸಮೂಹದಲ್ಲಿ ಜೋಡಿ ಗುಮ್ಮಟದ ಕಟ್ಟಡವಾಗಿದೆ. ಆಳಂದದ ಕಡೆಯಿಂದ ಬರುವವರು ಇದನ್ನು ಮೊದಲು ನೋಡಿ ನಂತರ ಫಿರೋಜಾಬಾದಿಗೆ ಮುಂದುವರಿಯುವುದು ಅನುಕೂಲ. ಜೇವರ್ಗಿಯವರು ಕಟ್ಟಿ ಸಂಗಾವಿಯ ಸೇತುವೆ ದಾಟಿ ಬರಬಹುದು. ಅರಮನೆಯ ಕೋಣೆಗಳ ಚಾವಣಿ ಶಿಥಿಲವಾಗಿರುವುದರಿಂದ ಅವುಗಳ ಕೆಳಗೆ ನಿಲ್ಲಬಾರದು, ಮಳೆಗಾಲದಲ್ಲಿ ನದಿಯ ಅಂಚಿಗೆ ಹೋಗಬಾರದು. ನಿಧಿಯ ಆಸೆಯಿಂದ ನೆಲ ಅಗೆಯುವುದಾಗಲಿ ಕಲ್ಲುಗಳನ್ನು ಕಿತ್ತೊಯ್ಯುವುದಾಗಲಿ ಕೂಡದು. ಕೋಟೆಯೊಳಗೆ ಹೊಲಗಳಿರುವುದರಿಂದ ಬೆಳೆ ತುಳಿಯದೆ ಕಾಲುದಾರಿಯಲ್ಲಿಯೇ ನಡೆಯತಕ್ಕದ್ದು.