ಪಿಸ್ತೂಲು ಮರಳಿತು, ಮಗ ಮರಳಲಿಲ್ಲ

ಕಳೆದ ಚಳಿಗಾಲದಲ್ಲಿ ಊರಿನಿಂದ ಬಂದಿದ್ದ ಅಮ್ಮನನ್ನು ದೆಹಲಿಯಿಂದ ಕಾಶಿಯಾತ್ರೆಗೆ ಕರೆದುಕೊಂಡು ಹೊರಟಿದ್ದೆ. ಪ್ರಯಾಗದಲ್ಲಿ ಸಂಗಮ ಸ್ನಾನವಾಯಿತು. ಕಾಶಿ ರೈಲಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಹೊತ್ತು ಕಳೆಯಲು ಆಜಾದ್ ಪಾರ್ಕಿಗೆ ಹೋದೆವು. ಹೆಸರು ಹೇಳಿದರೆ ಆಟೊದವನು ಕಂಪನಿ ಬಾಗ್ ತಾನೆ ಎಂದು ಮರುಪ್ರಶ್ನೆ ಹಾಕಿದ. ಅಲ್ಲಿನವರಿಗೆ ಅದು ಇಂದಿಗೂ ಕಂಪನಿ ಬಾಗೇ.

ಪಾರ್ಕಿನ ಆವರಣದಲ್ಲೇ ಅಲಹಾಬಾದ್ ಮ್ಯೂಸಿಯಂ ಇದೆ. ಅದರೊಳಗೆ ಗಾಜಿನ ಹಿಂದೆ ಒಂದು ಪಿಸ್ತೂಲು. ಅಮೆರಿಕದ ಕೋಲ್ಟ್ ಕಂಪನಿಯದು, .32 ಬೋರಿನದು. ಕೋಟಿನ ಜೇಬಿನಲ್ಲಿ ಅಡಗಿಸಿಕೊಳ್ಳುವಷ್ಟು ಚಿಕ್ಕದು. ಚಂದ್ರಶೇಖರ ಆಜಾದರು ಅದನ್ನು ಬಮ್ತುಲ್ ಬುಖಾರಾ ಎಂದು ಪ್ರೀತಿಯಿಂದ ಕರೆಯುತ್ತಿದ್ದರಂತೆ. ಅದನ್ನು ಪೊಲೀಸರು ಒಯ್ದದ್ದು, ಅದು ಇಂಗ್ಲೆಂಡಿಗೆ ಹೋದದ್ದು, ಎಷ್ಟೋ ವರ್ಷಗಳ ಮೇಲೆ ಹಿಂದಿರುಗಿದ್ದು, ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅವಳು ಕೇಳಿದ್ದು ಒಂದೇ ಮಾತು. ಇದು ವಾಪಸ್ ಬಂದದ್ದನ್ನು ಆ ಹುಡುಗನ ತಾಯಿ ನೋಡಿದಳೇ? ನನಗೆ ಉತ್ತರ ಗೊತ್ತಿರಲಿಲ್ಲ. ದೆಹಲಿಗೆ ಮರಳಿದ ಮೇಲೆ ಪುಸ್ತಕಗಳನ್ನು ಹುಡುಕಿ ಓದಿದೆ.

ಆಜಾದರ ತಂದೆ ಸೀತಾರಾಮ ತಿವಾರಿಯವರ ಮೂಲ ಊರು ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬದರ್ಕಾ. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಇಂದು ಮಧ್ಯಪ್ರದೇಶಕ್ಕೆ ಸೇರಿರುವ ಅಲಿರಾಜಪುರ ಸಂಸ್ಥಾನದ ಭಾಬ್ರಾ ಎಂಬ ಹಳ್ಳಿಗೆ ಬಂದು ಸಣ್ಣದೊಂದು ನೌಕರಿ ಹಿಡಿದವರು. ನಮ್ಮಂತೆಯೇ ವಲಸೆ ಬಂದ ಕುಟುಂಬ. 1906ರ ಜುಲೈ 23ರಂದು ಚಂದ್ರಶೇಖರ ಹುಟ್ಟಿದ್ದು ಅಲ್ಲಿಯೇ. ಭಿಲ್ಲರ ಮಕ್ಕಳ ಜೊತೆ ಬಿಲ್ಲು ಬಾಣ ಹಿಡಿದು ಬೆಳೆದ ಹುಡುಗ. ಮಗ ಸಂಸ್ಕೃತ ಪಂಡಿತನಾಗಲಿ ಎಂಬುದು ತಾಯಿ ಜಗರಾಣಿ ದೇವಿಯವರ ಆಸೆ.

ಮಗ ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟ. ಮೊದಲು ಹೋದದ್ದು ಮುಂಬೈಗೆ. ಅಲ್ಲಿ ಬಂದರಿನ ಕೂಲಿಗಳ ನಡುವೆ ಕೆಲಕಾಲ ಹಡಗುಗಳಿಗೆ ಬಣ್ಣ ಬಳಿದ ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಆ ಬದುಕು ಹಿಡಿಸದೆ ಕಾಶಿಗೆ ಬಂದು ಸಂಸ್ಕೃತ ಪಾಠಕ್ಕೆ ಸೇರಿಕೊಂಡ. ತಾಯಿಯ ಆಸೆ ಈಡೇರುವಂತೆ ಕಂಡದ್ದು ಆ ಕೆಲವು ತಿಂಗಳು ಮಾತ್ರ.

1921ರಲ್ಲಿ ಅಸಹಕಾರ ಚಳವಳಿಯಲ್ಲಿ ಹುಡುಗ ಸಿಕ್ಕಿಬಿದ್ದ. ಮ್ಯಾಜಿಸ್ಟ್ರೇಟ್ ಹೆಸರು ಕೇಳಿದಾಗ ಆಜಾದ್ ಎಂದ; ತಂದೆಯ ಹೆಸರು ಸ್ವತಂತ್ರ, ಮನೆ ಜೈಲು ಎಂದು ಉತ್ತರ ಕೊಟ್ಟ. ವಯಸ್ಸು 15, ಶಿಕ್ಷೆಯೂ 15 ಛಡಿ ಏಟು. ಏಟು ತಿಂದು ಹೊರಬಂದವನನ್ನು ಕಾಶಿಯ ಜನ ಹಾರ ಹಾಕಿ ಸ್ವಾಗತಿಸಿದರು. ಅಂದಿನಿಂದ ತಿವಾರಿ ಹೋಗಿ ಆಜಾದ್ ಉಳಿಯಿತು. ಇನ್ನೆಂದೂ ಜೀವಂತವಾಗಿ ಪೊಲೀಸರ ಕೈಗೆ ಸಿಗುವುದಿಲ್ಲ ಎಂಬುದು ಅವರ ಹಟವಾಯಿತು.

ಚಳವಳಿಯನ್ನು ಗಾಂಧೀಜಿ 1922ರಲ್ಲಿ ನಿಲ್ಲಿಸಿದಾಗ ನಿರಾಶರಾದ ಯುವಕರಲ್ಲಿ ಇವರೂ ಒಬ್ಬರು. ರಾಮಪ್ರಸಾದ್ ಬಿಸ್ಮಿಲ್ಲರ ಗುಂಪು ಸೇರಿದರು. 1925ರ ಆಗಸ್ಟ್ 9ರಂದು ಲಖನೌ ಬಳಿಯ ಕಾಕೋರಿಯಲ್ಲಿ ರೈಲು ನಿಲ್ಲಿಸಿ ಸರ್ಕಾರಿ ಹಣ ದೋಚಿದವರಲ್ಲಿ ಅವರಿದ್ದರು. ಅಂದು ಗುಂಡು ತಗುಲಿ ಒಬ್ಬ ಪ್ರಯಾಣಿಕ ಸತ್ತ. ಯಾರನ್ನೂ ಕೊಲ್ಲುವ ಉದ್ದೇಶ ಅವರಿಗಿರಲಿಲ್ಲ, ಆದರೆ ಸತ್ತವನಿಗೆ ಅದರಿಂದ ಏನು ಬಂತು? ಸರ್ಕಾರದ ಕಡತದಲ್ಲಿ ಇವರೆಲ್ಲ ಡಕಾಯಿತರು. ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್, ರೋಷನ್ ಸಿಂಗ್, ರಾಜೇಂದ್ರ ಲಾಹಿರಿ, ನಾಲ್ವರೂ 1927ರ ಡಿಸೆಂಬರಿನಲ್ಲಿ ನೇಣಿಗೇರಿದರು. ಆಜಾದ್ ಮಾತ್ರ ಸಿಗಲಿಲ್ಲ.

ಅವರು ಝಾನ್ಸಿಯ ಕಡೆ ಹೋಗಿ ತಲೆಮರೆಸಿಕೊಂಡಿದ್ದರು. ಓರ್ಛಾ ಕಾಡಿನ ಸಾತಾರ್ ನದಿಯ ದಂಡೆಯಲ್ಲಿ ಹರಿಶಂಕರ ಬ್ರಹ್ಮಚಾರಿ ಎಂಬ ಹೆಸರಿನಲ್ಲಿ ಗುಡಿಸಲು ಹಾಕಿ, ಪಕ್ಕದ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುತ್ತ, ಮರೆಯಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದರು. ಝಾನ್ಸಿಯ ಗ್ಯಾರೇಜೊಂದರಲ್ಲಿ ದುಡಿದು ಕಾರು ಓಡಿಸುವುದನ್ನೂ ಕಲಿತರು. ಬರಿ ಮೈಯಲ್ಲಿ ಮೀಸೆ ತಿರುವುತ್ತ ನಿಂತ, ನಾವೆಲ್ಲ ಕಂಡಿರುವ ಆ ಫೋಟೊ ತೆಗೆದದ್ದು ಝಾನ್ಸಿಯ ಗೆಳೆಯ ಮಾಸ್ಟರ್ ರುದ್ರನಾರಾಯಣ. ಊರೂರಿಗೆ ಹೆಸರು ಬದಲಿಸಿ ಬದುಕಿದ ಈ ವರ್ಷಗಳಲ್ಲಿ ಭಾಬ್ರಾದ ಮನೆ ಅವರಿಗೆ ದೂರವೇ ಉಳಿಯಿತು.

1928ರ ಸೆಪ್ಟೆಂಬರಿನಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದ ಅವಶೇಷಗಳ ನಡುವೆ ಹಿಂದೂಸ್ತಾನ್ ಸೋಷಲಿಸ್ಟ್ ರಿಪಬ್ಲಿಕನ್ ಅಸೋಸಿಯೇಷನ್ ರೂಪುಗೊಂಡಿತು. ಸಭೆಗೆ ಬಾರದಿದ್ದರೂ ಆಜಾದರೇ ಅದರ ಸೇನಾಪತಿ. ಅದೇ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಾಯಿತು. ಗುಂಡು ಹಾರಿಸಿ ಓಡುತ್ತಿದ್ದ ಭಗತ್ ಸಿಂಗ್, ರಾಜಗುರು ಅವರನ್ನು ಬೆನ್ನಟ್ಟಿದ ಹೆಡ್ ಕಾನ್‌ಸ್ಟೆಬಲ್ ಚನನ್ ಸಿಂಗ್‌ನನ್ನು ಹೊಡೆದವರು ಆಜಾದ್. ಸತ್ತವನು ಕೂಡ ನಮ್ಮ ನೆಲದವನೇ, ಸಂಬಳಕ್ಕೆ ದುಡಿಯುತ್ತಿದ್ದವನು. ಆಜಾದರ ಧೈರ್ಯವನ್ನು ಹೊಗಳುವಾಗ ಈ ಸಾವನ್ನು ಮರೆಯಬಾರದು ಎಂದೇ ನನ್ನ ಭಾವನೆ.

1931ರ ಹೊತ್ತಿಗೆ ಭಗತ್ ಸಿಂಗ್, ರಾಜಗುರು, ಸುಖದೇವ್ ಗಲ್ಲು ಕಾಯುತ್ತಿದ್ದರು. ಸಂಘಟನೆ ಚೂರುಚೂರಾಗಿತ್ತು. ಆ ದಿನಗಳಲ್ಲಿ ಆಜಾದ್ ಅಲಹಾಬಾದಿನಲ್ಲಿ ಜವಾಹರಲಾಲ್ ನೆಹರೂ ಅವರನ್ನು ಭೇಟಿಯಾದರು. ನೆಹರೂ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. ಸರ್ಕಾರದ ಜೊತೆ ಕಾಂಗ್ರೆಸ್ಸಿನ ಒಪ್ಪಂದವಾದರೆ ತಮ್ಮಂಥವರಿಗೂ ನೆಮ್ಮದಿ ಸಿಗುತ್ತದೆಯೇ, ಅಥವಾ ತಲೆಯ ಮೇಲೆ ಬಹುಮಾನ ಹೊತ್ತು ಊರಿಂದೂರಿಗೆ ಓಡುತ್ತಲೇ ಇರಬೇಕೇ ಎಂಬುದು ಆಜಾದರ ಪ್ರಶ್ನೆಯಾಗಿತ್ತು. ಹುಲಿಯಂಥ ಮನುಷ್ಯ ಎಂದು ನಾವು ಓದಿದವರು ಮನೆಯ ದಾರಿ ಕೇಳಿದಂತೆ ನನಗೆ ಕಂಡಿತು.

ಉತ್ತರ ಸಿಗುವ ಮೊದಲೇ ಫೆಬ್ರುವರಿ 27 ಬಂತು. ಬೆಳಿಗ್ಗೆ ಆಲ್ಫ್ರೆಡ್ ಪಾರ್ಕಿನಲ್ಲಿ ಸಂಗಾತಿ ಸುಖದೇವ್ ರಾಜ್ ಜೊತೆ ಕುಳಿತಿದ್ದಾಗ, ಸುಳಿವು ಸಿಕ್ಕ ಪೊಲೀಸ್ ಅಧಿಕಾರಿ ನಾಟ್ ಬೋವರ್ ತಂಡದೊಂದಿಗೆ ಬಂದರು. ತೊಡೆಗೆ ಗುಂಡು ಬಿದ್ದರೂ ಆಜಾದ್ ಮರದ ಮರೆಯಿಂದ ಹೋರಾಡಿದರು. ನಾಟ್ ಬೋವರ್ ಕೈಗೆ ಗಾಯ, ಇನ್ನೊಬ್ಬ ಅಧಿಕಾರಿ ಬಿಶೇಶ್ವರ ಸಿಂಗ್ ದವಡೆಗೆ ಗಾಯ. ಸಂಗಾತಿಯನ್ನು ಕಳಿಸಿಕೊಟ್ಟರು. ಕೊನೆಯ ಗುಂಡನ್ನು ತಮಗೇ ಹೊಡೆದುಕೊಂಡರು ಎಂಬುದು ಜನರ ನಂಬಿಕೆ. ವಯಸ್ಸು 24. ರಸೂಲಾಬಾದ್ ಘಾಟಿನಲ್ಲಿ ಗುಟ್ಟಾಗಿ ಅಂತ್ಯಕ್ರಿಯೆ ನಡೆಯಿತು. ಜನ ಆ ಮರಕ್ಕೆ ಹೂವಿಟ್ಟು ಕೈಮುಗಿಯತೊಡಗಿದಾಗ ಸರ್ಕಾರ ಮರವನ್ನೂ ಕಡಿಸಿತು. ಗಾಂಧಿ–ಇರ್ವಿನ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದಾದ ಆರನೇ ದಿನ, ಮಾರ್ಚ್ 5ರಂದು.

ಪಿಸ್ತೂಲು ನಾಟ್ ಬೋವರ್ ಪಾಲಾಯಿತು. ಭಾರತದ ನೌಕರಿ ಮುಗಿಸಿ ಹೊರಟಾಗ ಅದು ಅವರ ಜೊತೆ ಇಂಗ್ಲೆಂಡಿಗೆ ಹೋಯಿತು. ಮುಂದೆ ಅವರು 1953ರಿಂದ 1958ರವರೆಗೆ ಲಂಡನ್ ಮೆಟ್ರೊಪಾಲಿಟನ್ ಪೊಲೀಸ್ ಕಮಿಷನರ್ ಆಗಿದ್ದರು. ಕಾಕೋರಿಯಲ್ಲಿ ಹಣ ಒಯ್ದವರು ಡಕಾಯಿತರು, ಸತ್ತವನ ಕೈಯ ಪಿಸ್ತೂಲು ಒಯ್ದವರು ದೊಡ್ಡ ಅಧಿಕಾರಿ. ಯಾವುದು ಲೂಟಿ, ಯಾವುದು ಕಾಣಿಕೆ ಎಂದು ಬರೆಯುವ ಲೇಖನಿ ಆಗ ಅವರ ಕೈಯಲ್ಲಿತ್ತು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳ ಮೇಲೆ, ಭಾರತದ ಕಡೆಯಿಂದ ಕೋರಿಕೆ ಹೋಗಿ, 1970ರ ದಶಕದಲ್ಲಿ ಪಿಸ್ತೂಲು ಮರಳಿತು. ಮೊದಲು ಲಖನೌ ಮ್ಯೂಸಿಯಂ, ಆಮೇಲೆ ಅಲಹಾಬಾದ್. ಕೊನೆಯ ಬಾರಿ ಸಿಡಿದ ಅದೇ ಪಾರ್ಕಿಗೆ ಬಂದು ಸೇರಿತು. ಪಾರ್ಕಿಗೂ ಈಗ ಆಜಾದರದೇ ಹೆಸರು.

ಇನ್ನು ಅಮ್ಮನ ಪ್ರಶ್ನೆ. ಗಂಡನೂ ತೀರಿಕೊಂಡ ಮೇಲೆ ಜಗರಾಣಿ ದೇವಿ ಭಾಬ್ರಾದಲ್ಲಿ ಒಬ್ಬಂಟಿಯಾಗಿ ಕಡುಬಡತನದಲ್ಲಿ ದಿನ ದೂಡಿದರು. ದೇಶ ಸ್ವತಂತ್ರವಾದ ಮೇಲೆ ಅವರನ್ನು ಹುಡುಕಿಕೊಂಡು ಹೋದವರು ಸದಾಶಿವ ಮಲ್ಕಾಪುರ್ಕರ್. ಆಜಾದರ ಸಂಗಾತಿಯಾಗಿದ್ದ ಅವರು ಭುಸಾವಳದಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ಜೈಲಿನಲ್ಲಿದ್ದವರು. ತಾಯಿಯನ್ನು ಝಾನ್ಸಿಗೆ ಕರೆತಂದು, ತೀರ್ಥಯಾತ್ರೆ ಮಾಡಿಸಿ, ಹೆತ್ತ ಮಗನಂತೆ ನೋಡಿಕೊಂಡರು. 1951ರಲ್ಲಿ ಜಗರಾಣಿ ದೇವಿ ಕಣ್ಮುಚ್ಚಿದಾಗ ಅಂತ್ಯಸಂಸ್ಕಾರ ಮಾಡಿದವರೂ ಅವರೇ. ಝಾನ್ಸಿಯಲ್ಲಿ ಆ ತಾಯಿಯ ಸಮಾಧಿ ಇದೆ. ಪಿಸ್ತೂಲು ಆಗ ಇನ್ನೂ ಇಂಗ್ಲೆಂಡಿನಲ್ಲೇ ಇತ್ತು.

ಭಾನುವಾರ ಫೋನ್ ಮಾಡಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ನೋಡಲಿಲ್ಲ, ಅಷ್ಟರಲ್ಲಿ ತೀರಿಕೊಂಡಿದ್ದರು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಪಿಸ್ತೂಲಿನ ಮಾತು ಎತ್ತಲಿಲ್ಲ. ಆ ಸದಾಶಿವ ಒಳ್ಳೆಯವನು ಎಂದಳು. ಆಮೇಲೆ, ಯುಗಾದಿಗೆ ಬರುತ್ತೀಯಾ ಎಂದು ಕೇಳಿದಳು.

ಪ್ರತಿ ವರ್ಷ ನೋಡೋಣ ಎನ್ನುವವನು ಈ ಸಲ ಟಿಕೆಟ್ ತೆಗೆದಿಟ್ಟಿದ್ದೇನೆ.