ತೊಟ್ಟಿ ಬೋರಲು ಹಾಕಿದ ಡಾಕ್ಟರ್: ಸೊಳ್ಳೆಯ ಗುಟ್ಟು ರಟ್ಟು ಮಾಡಿದ ರೊನಾಲ್ಡ್ ರಾಸ್

1883ರ ಮಾತು. ಬೆಂಗಳೂರು ದಂಡು ಪ್ರದೇಶಕ್ಕೆ ಒಬ್ಬ ಯುವ ಮಿಲಿಟರಿ ಡಾಕ್ಟರ್ ಬಂದರು. ಹೆಸರು ರೊನಾಲ್ಡ್ ರಾಸ್. ಬಂಗಲೆ ಚೆನ್ನಾಗಿತ್ತು, ಆದರೆ ಸೊಳ್ಳೆ ಕಾಟ ತಡೆಯೋಕಾಗುತ್ತಿರಲಿಲ್ಲ. ಹುಡುಕಿದಾಗ ಕಿಟಕಿ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ತೊಟ್ಟಿ ಬೋರಲು ಹಾಕಿದರು, ಕಾಟ ಕಡಿಮೆಯಾಯ್ತು.

ಅಧಿಕಾರಿಗಳ ಊಟದ ಮನೆಯಲ್ಲೂ ಹೂದಾನಿ, ಡಬ್ಬಗಳ ನೀರು ಚೆಲ್ಲೋಣ ಅಂತ ಹೇಳಿದರೆ, ಮೇಲಿನ ಅಧಿಕಾರಿ ನಕ್ಕು ತಳ್ಳಿಹಾಕಿದರು. ಸೊಳ್ಳೆಯೂ ಸೃಷ್ಟಿಯೇ, ಸಹಿಸಿಕೊಳ್ಳಬೇಕು ಅನ್ನೋದು ಅವರ ವಾದ.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಓದಿದ್ದು ಇಂಗ್ಲೆಂಡಿನಲ್ಲಿ. ಆ ಕಾಲದಲ್ಲಿ ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತೆ ಅಂತ ಬಹಳ ಜನ ನಂಬಿದ್ದರು. 1895ರಲ್ಲಿ ಕಾಲರಾ ತಡೆಯೋ ಕೆಲಸಕ್ಕೆ ರಾಸ್ ಮತ್ತೆ ಬೆಂಗಳೂರಿಗೆ ಬಂದರು. 1897ರಲ್ಲಿ ಊಟಿ ಹತ್ತಿರದ ಸೀಗೂರು ಘಾಟಿಗೆ ಹೋದಾಗ ಅವರಿಗೇ ಮಲೇರಿಯಾ ಹಿಡಿಯಿತು.

ಅದೇ ವರ್ಷ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ ಒಂದು ಸೊಳ್ಳೆ ಕಚ್ಚಿಸಿಕೊಂಡರೆ ಒಂದಾಣೆ ಕೊಟ್ಟು ಪರೀಕ್ಷೆ ನಡೆಸಿದರು. ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಣ್ಣಿಗೆ ಬಿತ್ತು. ಆ ದಿನವೇ ಈಗ ವಿಶ್ವ ಸೊಳ್ಳೆ ದಿನ. ಮರುವರ್ಷ ಕಲ್ಕತ್ತಾದಲ್ಲಿ ಹಕ್ಕಿಗಳ ಮೇಲೆ ಪರೀಕ್ಷೆ ಮಾಡಿ, ಸೊಳ್ಳೆ ಕಚ್ಚಿದಾಗ ಅದರ ಎಂಜಲಿನ ಮೂಲಕ ರೋಗ ಹರಡುತ್ತೆ ಅಂತ ತೋರಿಸಿದರು. ಮನುಷ್ಯರ ವಿಷಯದಲ್ಲಿ ಅದನ್ನು ಇಟಲಿಯ ವಿಜ್ಞಾನಿಗಳು ಸಾಬೀತು ಮಾಡಿದರು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು.

ಕಸ ತೆಗೆಸೋ ಹಠವೂ ಅವರಿಗಿತ್ತು. 1901ರಲ್ಲಿ ಆಫ್ರಿಕಾದ ಫ್ರೀಟೌನ್ ಪಟ್ಟಣದಲ್ಲಿ ಕೂಲಿಯವರ ತಂಡ ಕಟ್ಟಿ, ಮನೆ ಅಂಗಳದ ಖಾಲಿ ಡಬ್ಬ, ಒಡೆದ ಬಾಟಲಿಗಳನ್ನು ಗಾಡಿಗಟ್ಟಲೆ ತೆಗೆಸಿದರು. ಗುಂಡಿಗಳ ನೀರು ಹರಿಸಿದರು. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಇವತ್ತು ಡಬ್ಬದ ಜಾಗಕ್ಕೆ ಹಳೇ ಟೀವಿ ಚಿಪ್ಪು, ಕೆಟ್ಟ ವಾಷಿಂಗ್ ಮೆಷಿನ್, ಕೂಲರ್, ಫ್ರಿಜ್ ಹಿಂದಿನ ತಟ್ಟೆ ಬಂದಿವೆ. ಗುಜರಿಯಲ್ಲೋ ರಿಪೇರಿ ಅಂಗಡಿ ಹಿತ್ತಲಲ್ಲೋ ಮಳೆಗೆ ಬಿಟ್ಟರೆ ಒಂದು ಕಡೆ ಸೀಸದಂಥ ವಿಷ ಮಣ್ಣಿಗೆ ಇಳಿಯುತ್ತೆ, ಇನ್ನೊಂದು ಕಡೆ ನಿಂತ ನೀರಲ್ಲಿ ಮಲೇರಿಯಾ, ಡೆಂಗಿ ಹರಡೋ ಸೊಳ್ಳೆ ಬೆಳೆಯುತ್ತೆ. ಮೊಟ್ಟೆ ಸೊಳ್ಳೆಯಾಗಲು ಒಂದೆರಡು ವಾರ ಸಾಕು. ಹಾಗಾಗಿ ಇ-ಕಸ ಸೂರಿನಡಿ ಇಡಿ, ಅಧಿಕೃತ ಸಂಗ್ರಹದವರಿಗೆ ಕೊಡಿ, ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ. ರಾಸ್ ಬೆಂಗಳೂರಿನಲ್ಲಿ ಮಾಡಿದ್ದೂ ಇಷ್ಟೇ.